ಉಗುರಿಗೆ ಅರೆದು ಹಚ್ಚಿದ ಮಾತ್ರೆ

ನನ್ನ ನಾದಿನಿಯಷ್ಟು ಬುದ್ಧಿವಂತೆ ಇಡೀ ಸಿರಾ ತಾಲ್ಲೂಕಿನಲ್ಲೇ ಇಲ್ಲ. ಇದು ಅವಳೇ ಹೇಳಿದ್ದು. ಬೇರೆ ಯಾರೂ ಇನ್ನೂ ಹೇಳಿಲ್ಲ.

ಆದರೆ ಬಿತ್ತನೆ ಕಡಲೆಕಾಯಿ ಬಿಡಿಸಲು ಅವಳೇ ಆಗಬೇಕು, ಅದನ್ನು ನಾನೂ ಒಪ್ಪುತ್ತೇನೆ. ಮಿಷನ್ನಿಗೆ ಹಾಕಿದರೆ ಬೀಜ ಒಡೆಯುತ್ತದೆ. ಅವಳ ಹೆಬ್ಬೆರಳ ಉಗುರು ತಾಗಿದರೆ ಸಾಕು, ಕಾಯಿ ತಾನಾಗಿ ಬಾಯಿ ಬಿಡುತ್ತಿತ್ತು. ನಮ್ಮೂರು ಬರಗೂರಿನ ಸುತ್ತ ಎಲ್ಲರೂ ಅವಳನ್ನೇ ಕರೆಯುತ್ತಿದ್ದರು.

ಹೋದ ವರ್ಷ ಆ ಉಗುರು ಹಪ್ಪಳದಂತೆ ಮುರಿಯತೊಡಗಿತು. ಚರ್ಮ ಒಣಗಿ ಹೊಟ್ಟಿನಂತೆ ಉದುರಿತು. ಅವಳ ಪ್ರಕಾರ ತಪ್ಪು ಯಾರದು? ಮೊದಲು ಸೋಪಿನದು. ಆಮೇಲೆ ಬೋರಿನ ನೀರಿನದು. ಕೊನೆಗೆ ನನ್ನ ಕೆಟ್ಟ ಕಣ್ಣಿನದು. ಬಿತ್ತನೆ ಕಾಲ ಬಂದರೂ ಯಾರೂ ಕರೆಯಲಿಲ್ಲ. ಆ ಬೇಸರಕ್ಕೆ ಒಂದು ದಿನ ಅವಳು ಊಟ ಬಿಟ್ಟಳು. ಮಾರನೆಯ ದಿನವೇ ಸಿರಾಕ್ಕೆ ಎಳೆದುಕೊಂಡು ಹೋದೆ.

ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಕುತ್ತಿಗೆಯ ಥೈರಾಯಿಡ್ ಗ್ರಂಥಿಯ ಕೆಲಸ ಮಂದವಾಗಿದೆ, ಅದಕ್ಕೇ ಚರ್ಮ, ಉಗುರು ಹೀಗಾಗಿವೆ ಎಂದರು. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ.

ಬಸ್ಸಿನಲ್ಲಿ ಇವಳ ತಕರಾರು: "ಕುತ್ಗೆಗೂ ಉಗುರ್ಗೂ ಏನ್ ಸಂಬಂಧ ಅತ್ಗೆ?"

"ಬೋರಲ್ಲಿ ನೀರ್ ಕಮ್ಮಿ ಆದ್ರೆ ಹೊಲದ್ ಕೊನೇ ಸಾಲು ಒಣಗಲ್ವೇನೆ? ಅಂಗೇ ಇದು."

ಎರಡು ತಿಂಗಳಾದರೂ ಗುಣವಿಲ್ಲ. ಒಂದು ಬೆಳಿಗ್ಗೆ ಹೇಳದೆ ಅವಳ ಮನೆಗೆ ಹೋದೆ. ಮಾತ್ರೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಅರೆದು, ಹತ್ತು ಬೆರಳಿಗೂ ಹಚ್ಚುತ್ತಾ ಕುಳಿತಿದ್ದಾಳೆ!

"ರೋಗ ಬಂದಿರಾದು ಉಗುರ್ಗೆ. ಹೊಟ್ಟೆಗ್ಯಾಕೆ ಹಾಕ್ಲಿ?"

"ಹಸಿವಾದ್ರೆ ಹೊಟ್ಟೆ ಮ್ಯಾಲೆ ಮುದ್ದೆ ಮೆತ್ಕಂತೀಯೇನೆ?"

ಬರುವ ಬಿತ್ತನೆಗೆ ಆ ಉಗುರು ಬರಲೇಬೇಕು ಎಂದು ಹಟ ಹಿಡಿದೆ. ಅಂದಿನಿಂದ ದಿನಾ ಬೆಳಕು ಹರಿಯುವಾಗ ಅವಳ ಬಾಗಿಲಲ್ಲಿ ನಾನು. ನುಂಗಿದ ಮೇಲೆ ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಬೇಕು. ಅರ್ಧ ಗಂಟೆ ಕಾಫಿ ಇಲ್ಲ. "ನಿನ್ಗಿಂತ ಪೊಲೀಸ್ನೋರೇ ವಾಸಿ" ಎಂದು ಬೈಯುತ್ತಿದ್ದಳು. ಬೈದರೆ ನನಗೇನು, ಮಾತ್ರೆ ಒಳಗೆ ಹೋಯಿತಲ್ಲ.

ಮೊನ್ನೆ ಜ್ವರ ಬಂದು ನಾನು ಏಳಲಾಗಲಿಲ್ಲ. ಇವತ್ತು ತಪ್ಪಿಸಿದಳು ಎಂದುಕೊಳ್ಳುವಷ್ಟರಲ್ಲಿ ಅವಳೇ ಬಂದಳು. ನನ್ನ ಎದುರು ಮಾತ್ರೆ ನುಂಗಿ, ಬಾಯಿ ತೆರೆದು ತೋರಿಸಿ, ನನ್ನ ಹಣೆ ಮುಟ್ಟಿದಳು. ಅಂಗೈ ಇನ್ನೂ ಒರಟು. ಹೆಬ್ಬೆರಳಿನಲ್ಲಿ ಹೊಸ ಉಗುರು ಅರ್ಧದವರೆಗೆ ಬಂದಿತ್ತು.

"ಮೈ ಸುಡ್ತೈತೆ. ಏಳು, ಸಿರಾಕ್ ಹೋಗಾನ."

"ಬ್ಯಾಡ ಕಣೆ, ತಾನೇ ಇಳೀತದೆ."

"ನಿನ್ನ ಕೇಳ್ದೋರ್ಯಾರು?" ಎಂದು ನನ್ನ ಚಪ್ಪಲಿ ತಂದು, ನೆಲದ ಮೇಲೆ ಕುಳಿತಳು. ಜೀವಮಾನದಲ್ಲಿ ಮೊದಲ ಸಲ ಅವಳಿಗೆ ಎದುರುತ್ತರ ಕೊಡದೆ ಕಾಲು ಮುಂದೆ ಚಾಚಿದೆ.