ಚಿಕ್ಕಮುನಿಯಪ್ಪನವರ ಮಹಾಗಣಕ

ದೊಡ್ಡನೆಕ್ಕುಂದಿಯ ಚಿಕ್ಕಮುನಿಯಪ್ಪನವರಿಗೆ ಈ ವಯಸ್ಸಿನಲ್ಲಿ ಸಿಕ್ಕ ಸಂತೋಷವನ್ನು ಅವರ ಧರ್ಮಪತ್ನಿ ಸೊಣ್ಣಮ್ಮ ನೆಮ್ಮದಿಯಾಗಿ ಅನುಭವಿಸಲು ಬಿಡಲಿಲ್ಲ. ಕಾರ್ಖಾನೆಯ ಎಲೆಕ್ಟ್ರಿಷಿಯನ್ ಕೆಲಸದಿಂದ ನಿವೃತ್ತರಾದ ಅವರು, ಬೊಮ್ಮನಹಳ್ಳಿಯ ಗುಜರಿಯಿಂದ ಎರಡು ಬೀರುಗಳಷ್ಟು ದೊಡ್ಡ ಯಂತ್ರವೊಂದನ್ನು ಟೆಂಪೋದಲ್ಲಿ ಹೇರಿಕೊಂಡು ಬಂದಿದ್ದರು. ಕಂಪ್ಯೂಟರುಗಳ ಮುತ್ತಜ್ಜ! ಒಳಗೆ ಬಲ್ಬಿನಂಥ ನೂರಾರು ಗಾಜಿನ ವಾಲ್ವುಗಳು. (ಟೆಂಪೋದವನು “ಫ್ರಿಜ್ಜಾ ಅಣ್ಣ?” ಎಂದದ್ದನ್ನು ಅವರು ಇನ್ನೂ ಕ್ಷಮಿಸಿಲ್ಲ.)

“ಇದರ ಮರಿಮಕ್ಳೇ ಕಣೇ ಎಲೆಕ್ಟ್ರಾನಿಕ್ ಸಿಟಿ ತುಂಬಾ ಕೂತಿರೋದು!”

“ಅಂಗಾದ್ರೆ ಮರಿಮಕ್ಳ ಮನೇಗೇ ಕಳ್ಸಿ. ನಮ್ ಮಗ್ಳು ವೇಣಿ ಸೀಮಂತಕ್ಕೆ ಬರೋ ನೆಂಟ್ರು ಎಲ್ಲಿ ಮಲಗ್ಬೇಕು? ಮೋಡ ಮುಚ್ಕಂಡು ನನ್ ಸಂಡಿಗೆ ಬೇರೆ ಒಣಗ್ತಿಲ್ಲ, ಬೂಷ್ಟು ಹಿಡೀತೈತೆ. ಭಾನುವಾರದೊಳ್ಗೆ ಇದ್ರಿಂದ ಏನಾದ್ರೂ ಉಪಯೋಗ ತೋರ್ಸಿ. ಇಲ್ಲಾಂದ್ರೆ ವಾಪಸ್ ಗುಜರಿಗೆ!”

ಚಿಕ್ಕಮುನಿಯಪ್ಪನವರು ಊಟ ನಿದ್ದೆ ಬಿಟ್ಟು ತಂತಿ ಬೆಸೆದರು. ಭಾನುವಾರ ಬೀದಿಗೆ ಬೀದಿಯನ್ನೇ ಕರೆದರು. ಯಂತ್ರ ಚೆನ್ನಾಗಿ ಕಾಯಬೇಕೆಂದು ಬೆಳಗ್ಗೆಯೇ ಸ್ವಿಚ್ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತರು. ಕೋಣೆ ಬಚ್ಚಲೊಲೆಯಂತೆ ಕಾದಿತ್ತು, ಅಂಗಿ ಬೆನ್ನಿಗಂಟಿತ್ತು. ಆದರೂ ಅವರ ಉತ್ಸಾಹ ಮಾತ್ರ ಇಳಿಯಲಿಲ್ಲ.

“ಬಂಧುಗಳೇ, ಅಂದು ಕೋಣೆ ತುಂಬ್ತಿದ್ದದ್ದು ಇಂದು ಜೇಬಿನಲ್ಲೈತೆ. ನಾಳೆ ಎಲ್ಲಿರ್ತದೋ ಬಲ್ಲವರ್ಯಾರು? ಈಗ ಇದು ಹನ್ನೆರಡಕ್ಕೆ ಹದಿಮೂರು ಕೂಡಿಸ್ತದೆ!”

ಗುಂಡಿ ಒತ್ತಿದರು. ಗರ್ರ್ ಎಂದಿತು. ದೀಪಗಳು ಮಿಣುಕಿದವು. ಚಿಕ್ಕಮುನಿಯಪ್ಪನವರು ಕಣ್ಣು ಮಿಟುಕಿಸದೆ ಅವನ್ನೇ ನೋಡುತ್ತಿದ್ದರು. ಕೊನೆಗೂ ಉತ್ತರ ಬಂತು.

“ಇಪ್ಪತ್ತೈದು! ಬಂತ್ರಪ್ಪೋ, ಸರಿಯಾಗಿ ಇಪ್ಪತ್ತೈದು!”

ಚಪ್ಪಾಳೆ ಇಲ್ಲ. ತಿರುಗಿ ನೋಡಿದರೆ ಕುರ್ಚಿಗಳೆಲ್ಲ ಖಾಲಿ. ಜನವೆಲ್ಲ ಯಂತ್ರದ ಹಿಂಬದಿಗೆ ಮುತ್ತಿಕೊಂಡಿತ್ತು. ಅಲ್ಲಿ ಫ್ಯಾನು ಹೊರದೂಡುತ್ತಿದ್ದ ಬಿಸಿಗಾಳಿಗೆ ಸೊಣ್ಣಮ್ಮ ಬೆಳಗ್ಗೆಯೇ ಸಂಡಿಗೆಯ ಮೊರಗಳನ್ನು ಇಟ್ಟಿದ್ದರು. ಪಕ್ಕದ ಮನೆಯ ರಾಮಕ್ಕ ಒಂದು ಸಂಡಿಗೆಯನ್ನು ಮುರಿದಳು. ಪಟ್ ಎಂದಿತು!

“ಅಯ್ಯೋ, ಬ್ಯಾಸ್ಗೆ ಬಿಸ್ಲಲ್ಲೂ ಇಂಗೆ ಒಣಗಲ್ಲ ಕಣಕ್ಕ!” ಎಂದಳು ರಾಮಕ್ಕ.

ಸೊಣ್ಣಮ್ಮನ ಮುಖ ಅರಳಿತ್ತು. “ರೀ, ಇದು ಇಲ್ಲೇ ಇರ್ಲಿ. ಇದಕ್ಕೆ ಒಳ್ಳೆ ಭವಿಷ್ಯ ಐತೆ.”

ಮದುವೆಯಾದಾಗಿನಿಂದ ಹೆಂಡತಿ ತಮ್ಮ ಮಾತು ಒಪ್ಪಿದ್ದು ಇದೇ ಮೊದಲು. ಚಿಕ್ಕಮುನಿಯಪ್ಪನವರಿಗೆ ಕಣ್ಣು ತುಂಬಿ ಬಂತು. ಹುರುಪಿನಿಂದ ಮುಂದಿನ ಲೆಕ್ಕಕ್ಕೆ ಕೈಹಾಕಿದರು.

“ಲೆಕ್ಕಗಿಕ್ಕ ಬ್ಯಾಡ, ಅದಕ್ಕೆ ಫೋನೈತೆ,” ಎಂದು ಸೊಣ್ಣಮ್ಮ ಅವರ ಕೈ ಸರಿಸಿದರು. “ನಾಳೆಯಿಂದ ರಾಮಕ್ಕನ ಹಪ್ಪಳನೂ ಬರ್ತೈತೆ. ನೀವು ಪಕ್ಕದಲ್ಲೇ ಕೂತ್ಕಂಡು ಮಗುಚ್ತಾ ಇರಿ, ಸಾಕು.”