ವಯರಿಗಿಂತ ಮೊದಲು ಹೋದ ಮಾನ

ಆಸ್ಪತ್ರೆಗೆ ಹೋದವರ ಮಾನ ಬಾಗಿಲಲ್ಲೇ ಉಳಿಯುತ್ತದಂತೆ. ನನ್ನದು ಒಳಗೂ ಬಂದು, ಎಲ್ಲರೆದುರು ಕಂತುಕಂತಾಗಿ ಹೋಯಿತು. ನನ್ನ ಪೇಸ್‌ಮೇಕರಿಗೆ ಸೋಂಕು ತಗಲಿ, ಅದನ್ನೂ ಹೃದಯಕ್ಕೆ ಹೋಗುವ ಹಳೇ ವಯರುಗಳನ್ನೂ ತೆಗೆಯಬೇಕೆಂದಾಗ ಇದೆಲ್ಲ ಶುರುವಾಯಿತು.

ಹಳೇ ಪಾರ್ಟು

ಅಬುಧಾಬಿಯ ಡಾಕ್ಟರು ಹಿಂದಿಯಲ್ಲಿ ವಿವರಿಸಿದರು: ವಯರು ರಕ್ತನಾಳಕ್ಕೆ ಅಂಟಿದೆ, ಎಳೆಯುವಾಗ ನಾಳ ಹರಿದರೆ ಎದೆ ತೆರೆಯಬೇಕಾದೀತು, ಜೀವಕ್ಕೂ ಅಪಾಯ. "ಏನಾದರೂ ಕೇಳುವುದಿದೆಯಾ?" ಎಂದರು. ಗ್ಯಾರೇಜಿಗೆ ಕಾರು ಬಿಟ್ಟು ಬಿಟ್ಟು ಬಂದ ರೂಢಿ, "ಬಿಚ್ಚಿದ ಹಳೇ ಪಾರ್ಟು ನಮಗೇ ಕೊಡ್ತೀರಲ್ಲ?" ಎಂದುಬಿಟ್ಟೆ.

"ಪಪ್ಪಾ, ಪ್ಲೀಸ್!" ಎಂದು ಜೊತೆಗೆ ಬಂದಿದ್ದ ಮಗಳು ಮುಖ ಮುಚ್ಚಿಕೊಂಡಳು.

ಡಾಕ್ಟರು ನಗಲಿಲ್ಲ. "ಪಾರ್ಟು ಲ್ಯಾಬಿಗೆ ಹೋಗುತ್ತದೆ. ನೀವು ಗಾಡಿ ತೊಳೆದು ತನ್ನಿ, ಸಾಕು."

ಎಣ್ಣೆಸ್ನಾನ

ತೊಳೆಯುವುದಕ್ಕೆ ಔಷಧಿಯ ಸೋಪನ್ನೂ ಕೊಟ್ಟರು. ಮೈಗೆ ಬೇರೇನೂ ಹಚ್ಚಬಾರದೆಂದರು. ಹೆಂಡತಿ ಒಪ್ಪಲಿಲ್ಲ. "ದೊಡ್ಡ ಕೆಲಸಕ್ಕೆ ಹೊರಟವರು ಬರೀ ಸೋಪಿನಲ್ಲಿ ಮೀಯುದಾ? ಮೀದಾದ ಮೇಲೆ ಎದೆಗೆ ಎರಡು ಹನಿ ಎಣ್ಣೆಯಾದರೂ ಬೇಡ್ವಾ?" ನಾನೂ ಸುಮ್ಮನೆ ಎದೆಯೊಡ್ಡಿದೆ.

ಆಸ್ಪತ್ರೆಯಲ್ಲಿ, ಮಂಗಳೂರಿನಲ್ಲಿ ಓದಿದ ಮಲಯಾಳಿ ಸಿಸ್ಟರ್ ಇಸಿಜಿಯ ಸ್ಟಿಕ್ಕರ್ ಅಂಟಿಸಿ ತಿರುಗುವುದರೊಳಗೆ ಎಲ್ಲವೂ ಜಾರಿದವು. ಪರದೆಯ ಮೇಲೆ ನೇರ ಗೆರೆ! ಯಂತ್ರ ಬೊಬ್ಬೆ ಹಾಕಿತು. ನಾಲ್ಕಾರು ಜನ ಓಡಿ ಬಂದರೆ, ನಾನು ಕಣ್ಣು ಪಿಳಿಪಿಳಿ ಬಿಡುತ್ತಾ ಮಲಗಿದ್ದೇನೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸಿಸ್ಟರ್ ನನ್ನ ಎದೆ ಮುಟ್ಟಿ ಬೆರಳು ಮೂಸಿದಳು.

"ಅಂಕಲ್, ನಿಮ್ಮನ್ನು ಆಪರೇಷನ್ ಮಾಡುದಾ, ಕರಿಯುದಾ?"

ಪಾರ್ಸೆಲ್

ದುಬೈಯ ಅಲ್ ನಹ್ದಾದಲ್ಲಿರುವ ನಮ್ಮ ಬಿಲ್ಡಿಂಗಿನಲ್ಲಿ ಯಾರು ಎಲ್ಲಿಗೆ ಹೊರಟರೂ ಕೈಗೊಂದು ಪಾರ್ಸೆಲ್ ಬೀಳುತ್ತದೆ. ಆಪರೇಷನ್ನಿಗೆ ಹೊರಟವನಿಗೂ ವಿನಾಯಿತಿಯಿಲ್ಲ. ಪಕ್ಕದ ಮನೆಯ ಭಟ್ಕಳದ ಆಂಟಿ ಕಣ್ಣೊರೆಸಿಕೊಂಡು ನನಗಾಗಿ ದುವಾ ಮಾಡಿದರು. ಹಾಗೆಯೇ, ಅಬುಧಾಬಿಯಲ್ಲಿರುವ ತಮ್ಮನಿಗೆಂದು ಒಣಸೀಗಡಿಯ ಕಟ್ಟೊಂದನ್ನು ನನ್ನ ಚೀಲಕ್ಕೆ ತುರುಕಿದರು.

ಆಸ್ಪತ್ರೆ ಸೇರಿದ ಮೇಲೆ ಅದರಿಂದ ವಾರ್ಡೆಲ್ಲ ಗಬ್ಬು. ಎಲ್ಲೋ ಮೋರಿ ಒಡೆದಿದೆಯೆಂದು ಕ್ಲೀನಿಂಗಿನವರನ್ನು ಕರೆಸಿದರು. ನಾನು ನಾಚಿಕೆಯಿಂದ ಮುಸುಕು ಹೊದ್ದು, ನಿದ್ದೆ ಬಂದವನಂತೆ ಬಿದ್ದುಕೊಂಡೆ.

ಕೊನೆಗೆ ಸ್ಟ್ರೆಚರಿನಲ್ಲಿ ಥಿಯೇಟರಿಗೆ ಹೊರಡಿಸಿದರು. ಹೆಂಡತಿ ಹಿಡಿದ ಕೈ ಬಿಡಲಿಲ್ಲ. ಈ ಮುಖವನ್ನು ಮತ್ತೆ ನೋಡುತ್ತೇನೋ ಇಲ್ಲವೋ ಎಂದು ನನಗೂ ಅಳು ಬಂತು. ಅಷ್ಟರಲ್ಲಿ ಅಪರಿಚಿತರೊಬ್ಬರು ಓಡೋಡಿ ಬಂದು ಸ್ಟ್ರೆಚರ್ ಹಿಡಿದು ನಿಲ್ಲಿಸಿದರು.

"ದುಬೈಯಿಂದ ಅಕ್ಕನ ಸೀಗಡಿ ತಂದದ್ದು ನೀವೇ ಅಲ್ವಾ ಭಾಯಿ? ಹೆದರಬೇಡಿ, ನಿಮಗೆ ಏನೂ ಆಗುದಿಲ್ಲ." ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿದರು. "ಆದರೂ, ಎಲ್ಲಿಟ್ಟಿದ್ದೀರಿ ಅಂತ ಈಗಲೇ ಹೇಳಿಬಿಡಿ."