ಮೀಸೆ ಮೇಷ್ಟ್ರ ಕಣ್ಣೀರು

ಆ ದಿನ ಬೆಳಿಗ್ಗೆ ಮೀಸೆ ಮೇಷ್ಟ್ರು ಅತ್ತದ್ದು ಒಬ್ಬ ಹುಡುಗಿಯ ಸಲುವಾಗಿ. ಆ ಹುಡುಗಿ ಇದ್ದದ್ದು ಪುಸ್ತಕದೊಳಗೆ. ಇಷ್ಟು ಸಣ್ಣ ಸಂಗತಿ ಎದುರು ಮನೆಯವರಿಗೆ ಮೊದಲೇ ತಿಳಿದಿದ್ದರೆ ಮುಂದಿನ ರಂಪವೇ ಆಗುತ್ತಿರಲಿಲ್ಲ.

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ, ಕಾರು ಕಲಿಸುವ ಮೇಷ್ಟ್ರು. ಆರಡಿ ಆಳು. ಮೂಗಿನ ಕೆಳಗೆ ಎರಡು ಅಳಿಲು ಬಾಲಕ್ಕೆ ಬಾಲ ಜೋಡಿಸಿ ಮಲಗಿದಂಥ ಮೀಸೆ. ಅವರು ಪಕ್ಕದ ಸೀಟಿನಲ್ಲಿ ಕೂತು ಒಮ್ಮೆ ಗುಟುರು ಹಾಕಿದರೆ ಕಲಿಯುವವರ ಕಾಲು ತನ್ನಷ್ಟಕ್ಕೆ ಬ್ರೇಕಿನ ಮೇಲೆ ಹೋಗಿ ಕೂರುತ್ತಿತ್ತು. ಇಂಥ ಮೇಷ್ಟ್ರು ಓದುತ್ತಿದ್ದದ್ದು ಪ್ರೇಮ ಕಾದಂಬರಿ. ಅದೂ ಎಂಥದ್ದು? ಹಳೇ ಪುಸ್ತಕದಂಗಡಿಯಲ್ಲಿ ಕಂತೆ ಕಟ್ಟಿ ಮಾರುವ, ರಟ್ಟಿನ ಮೇಲೆ ಕಿಟಕಿ ಹಿಡಿದು ನಿಂತ ಹುಡುಗಿಯ ಚಿತ್ರವಿರುವ, ಮೂರು ಪುಟಕ್ಕೊಮ್ಮೆ ಯಾರಾದರೂ ಯಾರನ್ನಾದರೂ ಬಿಟ್ಟು ಹೋಗುವಂಥದ್ದು. ಬೀರುವಿನ ಎರಡು ಖಾನೆ ತುಂಬ ಅವೇ. ಹೆಂಡತಿಗೆ ಇದು ಗೊತ್ತಿತ್ತು. ಆದರೆ ಮೇಷ್ಟ್ರು ಅವುಗಳನ್ನು ಓದಿ ಅಳುತ್ತಾರೆಂಬುದು ಗೊತ್ತಿರಲಿಲ್ಲ. ಆಕೆ ಬೆಳಿಗ್ಗೆಯೇ ಹೊಲಿಗೆ ಅಂಗಡಿಗೆ ಹೊರಟುಬಿಡುವವರು. ಮೇಷ್ಟ್ರು ಅಳುತ್ತಿದ್ದದ್ದು ಆಮೇಲೆ.

ಅಂದು ಆಕೆ ಶಾಲೆಯೊಂದಕ್ಕೆ ಹೊಲಿದುಕೊಡಬೇಕಾಗಿದ್ದ ಯೂನಿಫಾರಂಗಳನ್ನೆಲ್ಲ ದೊಡ್ಡ ಸೂಟ್‌ಕೇಸಿಗೆ ತುರುಕಿ, ಗಡಿಬಿಡಿಯಲ್ಲಿ ಮೊಬೈಲನ್ನು ಮನೆಯ ಹೊಲಿಗೆ ಮೆಷಿನ್ನಿನ ಮೇಲೇ ಮರೆತು, ಟ್ಯಾಕ್ಸಿ ಹತ್ತಿ ಹೋದರು. ಮೇಷ್ಟ್ರು ಬಾಲ್ಕನಿಯಲ್ಲಿ ಕೂತು ನಿನ್ನೆ ಬಿಟ್ಟ ಪುಟ ತೆರೆದರು. ಐದೇ ನಿಮಿಷದಲ್ಲಿ ಹೆಗಲ ಮೇಲಿನ ಟವೆಲ್ ಒದ್ದೆ.

ಎದುರು ಮನೆಗೆ ಹೊಸದಾಗಿ ಬಂದವರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದ ಒಬ್ಬರು ಮತ್ತು ಅವರ ಹೆಂಡತಿ. ಗಾರ್ಡ್ ಸಾಹೇಬರು ಜೀವಮಾನವಿಡೀ ರೈಲಿನ ಕಟ್ಟಕಡೆಯ ಡಬ್ಬಿಯಲ್ಲಿ ಕೂತು, ಊರು ಬಂದದ್ದೂ ಎಲ್ಲರಿಗಿಂತ ತಡವಾಗಿ ತಿಳಿದುಕೊಂಡವರು. ಈಗ ಎಲ್ಲವೂ ಎಲ್ಲರಿಗಿಂತ ಮೊದಲು ತಿಳಿಯಬೇಕೆಂಬ ಹಟ. ಅವರ ಹೆಂಡತಿ ಗಾರ್ಡಮ್ಮನವರು ಮನೆಯ ಸಾಮಾನೆಲ್ಲ ಜೋಡಿಸಿ ಮುಗಿಸಿದ್ದರೂ ಕಿಟಕಿಗೆ ಪರದೆ ಮಾತ್ರ ಹಾಕಿರಲಿಲ್ಲ. ಹಾಕುವ ಆತುರವೂ ಕಾಣುತ್ತಿರಲಿಲ್ಲ.

ಗಾರ್ಡಮ್ಮ ಸೂಟ್‌ಕೇಸು ಹೋದದ್ದನ್ನು ನೋಡಿದರು. ಟವೆಲ್ ಒದ್ದೆಯಾದದ್ದನ್ನೂ ನೋಡಿದರು. ಎರಡಕ್ಕೂ ಗಂಟು ಹಾಕಿ ಕಿಟಕಿಯಿಂದಲೇ ಕೇಳಿದರು.

"ಏನಪ್ಪಾ, ಬೆಳಬೆಳಿಗ್ಗೆ ಹೀಗೆ ಅಳ್ತಿದೀಯ? ಏನಾಯ್ತು?"

ಮೇಷ್ಟ್ರು ಇನ್ನೂ ಪುಸ್ತಕದ ಗುಂಗಿನಲ್ಲೇ ಇದ್ದರು. ಕಾದಂಬರಿಯ ನಾಯಕಿ ರೈಲು ಸ್ಟೇಷನ್ನಿನ ಟಿಕೆಟ್ ಕೌಂಟರಿನ ಹುಡುಗಿ. ಈಗಷ್ಟೇ ರೈಲು ಹತ್ತಿದ್ದಳು. "ಹೋಗ್ಬಿಟ್ಳು ಅಮ್ಮಾ" ಎಂದರು.

"ಅಯ್ಯೋ. ವಾಪಸ್ ಬರಲ್ವಾ?"

"ಇನ್ನೆಲ್ಲಿ ಬರ್ತಾಳೆ? ಇನ್ನೊಬ್ಬನ್ನ ಕಟ್ಕೊಳ್ಳೋಕೆ ಒಪ್ಪಿದಾಳೆ. ತಪ್ಪು ಅವಳದಲ್ಲ ಬಿಡಿ, ಇವನೇ ಬಾಯಿಬಿಟ್ಟು ಒಂದು ಮಾತು ಹೇಳ್ಲಿಲ್ಲ."

ಗಾರ್ಡಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. ಮೇಷ್ಟ್ರಿಗೆ ಮನಸ್ಸು ಹಗುರಾಯಿತು. ಇಷ್ಟು ವರ್ಷದಲ್ಲಿ ತಾವು ಓದುವ ಕತೆಯ ಬಗ್ಗೆ ಇಷ್ಟು ಕಳಕಳಿಯಿಂದ ಕೇಳಿದವರು ಇವರೊಬ್ಬರೇ. ಹೊಸಬರಾದರೂ ರಸಿಕರು ಎಂದುಕೊಂಡು ಸ್ನಾನಕ್ಕೆ ಎದ್ದರು.

ಮೇಷ್ಟ್ರು ಮೈ ಒರೆಸಿಕೊಳ್ಳುವಷ್ಟರಲ್ಲಿ ಸುದ್ದಿ ಇಸ್ತ್ರಿ ಅಂಗಡಿ ದಾಟಿತ್ತು. ಬೂಟು ಹಾಕಿಕೊಳ್ಳುವಷ್ಟರಲ್ಲಿ ಗಾರ್ಡ್ ಸಾಹೇಬರು ಅದನ್ನು ಹೊತ್ತುಕೊಂಡು ಡ್ರೈವಿಂಗ್ ಸ್ಕೂಲಿನ ಮೆಟ್ಟಿಲು ಹತ್ತಿದ್ದರು.

ಮೇಷ್ಟ್ರು ಸ್ಕೂಲಿಗೆ ಬಂದಾಗ ಕೀ ತೂಗುಹಾಕುವ ಹಲಗೆಯಲ್ಲಿ ಅವರ ಕಾರಿನ ಕೀ ಇರಲಿಲ್ಲ. ಟೈಪ್ ಮಾಡುತ್ತಿದ್ದ ಹುಡುಗಿ ಅವರನ್ನು ಕಂಡು ಎದ್ದು ನಿಂತಳು, ಹಿಂದೆಂದೂ ನಿಂತವಳಲ್ಲ. ಯಾರೋ ಕುರ್ಚಿ ಎಳೆದು ಹಾಕಿದರು. ಇನ್ನು ಯಾರೋ ಕೇಳದೆಯೇ ಚಹಾ ತಂದಿಟ್ಟರು. ಸಾವಿನ ಮನೆಗೆ ತಾವೇ ಸತ್ತವರಾಗಿ ಬಂದಂತೆ ಮೇಷ್ಟ್ರಿಗೆ ಕಸಿವಿಸಿಯಾಯಿತು.

ಓನರ್ ಒಳಗೆ ಕರೆದರು. ಅವರ ಮೇಜಿನ ಮೇಲೆ ಯಶಸ್ಸಿನ ಪುಸ್ತಕಗಳ ಗೋಪುರವೇ ಇತ್ತು. ಬೇಗ ಏಳುವುದು ಹೇಗೆ, ಹೆಚ್ಚು ಮಾರುವುದು ಹೇಗೆ, ನಗುತ್ತ ಗೆಲ್ಲುವುದು ಹೇಗೆ. ಅವರೇ ಎಲ್ಲರಿಗೂ ಹಂಚುತ್ತಿದ್ದರು. ಸ್ಕೂಲಿನಲ್ಲಿ ಎಲ್ಲರ ಬ್ಯಾಗಿನಲ್ಲೂ ಒಂದೊಂದು ಇರುತ್ತಿತ್ತು.

"ಮೇಷ್ಟ್ರೇ, ವಿಷ್ಯ ಗೊತ್ತಾಯ್ತು. ಧೈರ್ಯ ತಗೊಳ್ಳಿ. ಸ್ವಲ್ಪ ದಿನ ಗಾಡಿ ಮುಟ್ಟೋದು ಬೇಡ. ನಿಮ್ಮ ಬ್ಯಾಚು ಬೇರೆಯವರಿಗೆ ಕೊಟ್ಟಿದೀನಿ."

"ಯಾವ ವಿಷ್ಯ ಸಾರ್?"

"ಅದೇ, ನಿಮ್ಮ ಮನೆಯವರು ಇನ್ನೊಬ್ಬರ ಜೊತೆ..." ಓನರ್ ಮಾತನ್ನು ಅಲ್ಲೇ ನಿಲ್ಲಿಸಿ ಕೆಮ್ಮಿದರು.

ಮೇಷ್ಟ್ರು ಮೊದಲು ಬೆಪ್ಪಾದರು. ಆಮೇಲೆ ಬೆಳಗಿನ ಮಾತುಕತೆ ನೆನಪಾಗಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಾಗಿಲ ಬಳಿ ಇಣುಕುತ್ತಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ತಲೆಗೂ ಹತ್ತಿಬಿಟ್ಟಿದೆ ಎಂದು ಯಾರೋ ಪಿಸುಗುಟ್ಟಿದರು.

"ಸಾರ್, ಅವಳು ಯೂನಿಫಾರಂ ಕೊಡೋಕೆ ಹೋಗಿದಾಳೆ. ಸಂಜೆ ಬರ್ತಾಳೆ."

"ಮೊದಮೊದಲು ಎಲ್ಲರೂ ಹೀಗೇ ಹೇಳೋದು. ನನ್ನ ಪುಸ್ತಕದಲ್ಲೂ ಇದೆ, ನೋವನ್ನ ಮನಸ್ಸು ಒಪ್ಪೋದೇ ಇಲ್ಲ ಅಂತ. ಹಾಗಿದ್ರೆ ಫೋನ್ ಮಾಡಿ ನೋಡೋಣ."

ಮೇಷ್ಟ್ರು ಫೋನ್ ಮಾಡಿದರು. ಮೆಷಿನ್ನಿನ ಮೇಲೆ ಅದು ಬಡಕೊಂಡು ಬಡಕೊಂಡು ಸುಮ್ಮನಾಯಿತು. ಓನರ್ ಕನಿಕರದಿಂದ ತಲೆಯಾಡಿಸಿದರು.

ಬೇರೆ ದಾರಿಯಿಲ್ಲದೆ ಮೇಷ್ಟ್ರು ನಿಜ ಹೇಳಿದರು. "ನಾನು ಅತ್ತದ್ದು ಕಾದಂಬರಿ ಓದಿ ಸಾರ್. ಪ್ರೇಮ ಕಾದಂಬರಿ."

ಬಾಗಿಲ ಬಳಿಯಿದ್ದವರೆಲ್ಲ ಕೊಳ್ಳೆಂದು ನಕ್ಕರು. "ಆ ಮೀಸೆ ಇಟ್ಕೊಂಡಾ?" ಎಂದಳು ಟೈಪಿಸ್ಟ್ ಹುಡುಗಿ. ಓನರಿಗೂ ನಗು ಬಂದು ಪುಸ್ತಕದ ಮರೆಗೆ ಮುಖ ಹಿಡಿದರು. ಮನುಷ್ಯ ಕೆಟ್ಟವರಲ್ಲ. ಮೇಷ್ಟ್ರ ಮಾನ ಉಳಿಸಲು ತಾವೇ ಒಂದು ದಾರಿ ಮಾಡಿದರು.

"ನೋಡಿ, ಅಂಥ ಕಾದಂಬರಿ ಈಗ ಯಾರು ಓದ್ತಾರೆ? ಹೊರಗೆ ಗೊತ್ತಾದ್ರೆ ಸ್ಕೂಲಿಗೇ ನಗೆಪಾಟಲು. ಕಣ್ಣು ನೋವಿತ್ತು, ನೀರು ಸುರೀತಿತ್ತು ಅಂದ್ಬಿಡಿ. ಎಲ್ಲರೂ ಒಪ್ತಾರೆ. ಕೀ ಈಗಲೇ ಕೊಡ್ತೀನಿ."

ಕೀ ಓನರ ಕೈಯಲ್ಲಿ ತೂಗುತ್ತಿತ್ತು. ಹೂಂ ಅಂದಿದ್ದರೆ ಆ ದಿನದ ಗ್ರಹಚಾರ ಅಲ್ಲಿಗೇ ಕಳೆಯುತ್ತಿತ್ತು. ಮೇಷ್ಟ್ರು ಬಾಯಿಯನ್ನೂ ತೆರೆದರು. ಆದರೆ ಟಿಕೆಟ್ ಕೌಂಟರಿನ ಹುಡುಗಿ ಕಣ್ಣ ಮುಂದೆ ಬಂದು ನಿಂತಳು. ಇವಳನ್ನು ಕಣ್ಣಿನ ಕಾಯಿಲೆ ಮಾಡುವುದೇ? ಮೇಷ್ಟ್ರ ಬೆನ್ನು ನೆಟ್ಟಗಾಯಿತು.

"ಕಣ್ಣು ನೋವಿರಲಿಲ್ಲ ಸಾರ್. ಕಾದಂಬರಿಯೇ. ಇನ್ನೂರು ಓದಿದೀನಿ, ಇನ್ನೂರಕ್ಕೂ ಅತ್ತಿದೀನಿ. ನಾಚಿಕೆ ಯಾಕೆ? ದಿನವಿಡೀ ನಾನು ಬೇರೆಯವರ ಭಯದ ಪಕ್ಕದಲ್ಲಿ ಕೂತಿರ್ತೀನಿ. ಅವರು ಎಲ್ಲಿ ಗುದ್ದುತ್ತಾರೋ ಅಂತ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇರ್ಬೇಕು. ಮನೇಲಿ ಆ ಪುಸ್ತಕ ತೆಗೆದಾಗ ಮಾತ್ರ ನನ್ನ ಕಾಲ ಕೆಳಗೆ ಬ್ರೇಕಿಲ್ಲ. ಅದು ಎಲ್ಲಿಗೆ ಹೋಗುತ್ತೋ ಹೋಗ್ಲಿ, ಗುದ್ದಿದ್ರೆ ಗುದ್ಲಿ. ಅಷ್ಟು ಸುಖ ನಿಮ್ಮ ಈ ಗೋಪುರದಲ್ಲಿ ಯಾವುದು ಕೊಡುತ್ತೆ ಹೇಳಿ, ನಾಳೆಯಿಂದ ಅದನ್ನೇ ಓದ್ತೀನಿ."

ನಗು ನಿಂತಿತು. ಓನರ್ ಗೋಪುರವನ್ನೊಮ್ಮೆ ನೋಡಿ ಕೀಯನ್ನು ಜೇಬಿಗೆ ಹಾಕಿಕೊಂಡರು. "ಮಾತು ಚೆನ್ನಾಗಿದೆ. ಆದ್ರೆ ಕಲಿಯೋರ ಜೀವದ ಪ್ರಶ್ನೆ. ಸಂಜೆ ನಾನೇ ಮನೆಗೆ ಬರ್ತೀನಿ. ನಿಮ್ಮ ಮನೆಯವರನ್ನ ಕಣ್ಣಾರೆ ನೋಡಿದ್ಮೇಲೆ ಕೀ."

ಸಂಜೆ ಹೆಂಡತಿ ಖಾಲಿ ಸೂಟ್‌ಕೇಸು ಹಿಡಿದು ಮೆಟ್ಟಿಲು ಹತ್ತುತ್ತಿದ್ದಂತೆ ಗಾರ್ಡಮ್ಮ ಅಡ್ಡ ಬಂದು ಕೈ ಹಿಡಿದುಕೊಂಡರು.

"ಬಂದ್ಯಾ ತಾಯಿ? ಒಳ್ಳೇ ಕೆಲಸ ಮಾಡ್ದೆ. ಏನೇ ಆದ್ರೂ ಕಟ್ಕೊಂಡವನು ಕಟ್ಕೊಂಡವನೇ. ಆ ಇನ್ನೊಬ್ಬನಿಗೆ ಏನಂತ ಹೇಳಿ ಬಂದೆ?"

ದಿನವಿಡೀ ಮಕ್ಕಳ ಅಂಗಿಗಳ ತೋಳಿನ ಅಳತೆಯ ಜಗಳ ಬಗೆಹರಿಸಿ ಬಂದಿದ್ದ ಆಕೆಗೆ ತಲೆಬುಡ ತಿಳಿಯಲಿಲ್ಲ. ತಿಳಿದಾಗ ಮುಖ ಕಾದ ಇಸ್ತ್ರಿ ಪೆಟ್ಟಿಗೆಯಾಯಿತು. ಅದೇ ಹೊತ್ತಿಗೆ ಮೇಷ್ಟ್ರೂ ಓನರೂ ಬಂದರು. ಗಾರ್ಡ್ ಸಾಹೇಬರು ಯಾರೂ ಕರೆಯದಿದ್ದರೂ ತಮ್ಮದೇ ಕುರ್ಚಿ ಹೊತ್ತುಕೊಂಡು ಬಂದು ನಡುಮನೆಯಲ್ಲಿ ಕೂತರು.

"ರೀ, ಏನಿದು? ನನ್ನನ್ನ ಯಾರ ಜೊತೆ ಕಳಿಸಿದೀರಿ?" ಎಂದರು ಹೆಂಡತಿ.

ಮೇಷ್ಟ್ರು ಬಾಲ್ಕನಿಯಿಂದ ಪುಸ್ತಕವನ್ನೂ ಟವೆಲನ್ನೂ ತಂದು, ನಡುಮನೆಯ ದೀಪದ ಕೆಳಗೆ ನಿಂತು ಬೆಳಿಗ್ಗೆ ಓದಿದ ಪುಟಗಳನ್ನು ಗಟ್ಟಿಯಾಗಿ ಓದತೊಡಗಿದರು. ಅವನು ಓಡಿ ಬರುತ್ತಾನೆ. ಅವಳು ಕಿಟಕಿಯಿಂದ ಕೈ ಚಾಚುತ್ತಾಳೆ. ಹಿಂದಿನ ಡಬ್ಬಿಯಲ್ಲಿ ಗಾರ್ಡ್ ಹಸಿರು ಬಾವುಟ ಬೀಸುತ್ತಾನೆ. ಬೆರಳಿಗೂ ಬೆರಳಿಗೂ ಒಂದೇ ಗೇಣು ಇರುವಾಗ ರೈಲು ಹೊರಟುಬಿಡುತ್ತದೆ.

ಗುಟುರು ಹಾಕಿ ಹಾಕಿ ಪಳಗಿದ ಗಂಟಲು ಆ ಗೇಣಿನಲ್ಲಿ ಒಡೆಯಿತು. ಗಾರ್ಡಮ್ಮ ಆಗಲೇ ಸೊರಸೊರ ಮಾಡುತ್ತಿದ್ದರು. ಓನರ್ ಚಾವಣಿ ನೋಡುತ್ತ ಎರಡು ಸಲ ಕೆಮ್ಮಿದರು, ಮೂರನೇ ಸಲ ಕರ್ಚೀಫು ತೆಗೆದರು. ಎಲ್ಲರಿಗಿಂತ ಹೆಚ್ಚು ಅತ್ತದ್ದು ಗಾರ್ಡ್ ಸಾಹೇಬರು.

"ಬಾವುಟ ಬೀಸೋಕೆ ಮುಂಚೆ ಒಂದ್ಸಲ ನೋಡ್ಬಾರ್ದಿತ್ತಾ ಅವನು? ನಾನೂ ಎಷ್ಟು ಸಲ ನೋಡದೆ ಬೀಸಿದೀನೋ" ಎಂದು ಬಿಕ್ಕಿದರು.

ಓನರ್ ಎದ್ದು ಬಂದು ಕೀಯನ್ನು ಮೇಷ್ಟ್ರ ಅಂಗೈಯಲ್ಲಿಟ್ಟು ಮುಚ್ಚಿದರು. "ತಪ್ಪಾಯ್ತು ಮೇಷ್ಟ್ರೇ. ಓದಿದ್ರೆ ಇಂಥದ್ದು ಓದ್ಬೇಕು. ಮುಗಿದ ಮೇಲೆ ನನಗೊಮ್ಮೆ ಕೊಡಿ."

ಮೇಷ್ಟ್ರು ಮೀಸೆಯ ಮೇಲೆ ಬೆರಳಾಡಿಸಿದರು. ಬೀರುವಿನ ಎರಡು ಖಾನೆಗಳೂ ಆ ಗಳಿಗೆ ಅವರಿಗೆ ದೊಡ್ಡ ಲೈಬ್ರರಿಯಂತೆ ಕಂಡವು. ನಿಜ ಹೇಳಿ ಗೆದ್ದಿದ್ದರು. ಮಾನ ಉಳಿದಿತ್ತು, ಕೆಲಸ ಉಳಿದಿತ್ತು, ಟಿಕೆಟ್ ಕೌಂಟರಿನ ಹುಡುಗಿಯ ಮರ್ಯಾದೆಯೂ ಉಳಿದಿತ್ತು.

ಹೆಂಡತಿಯೊಬ್ಬರೇ ಅತ್ತಿರಲಿಲ್ಲ. ಗಂಡನ ಕೈಯಲ್ಲಿ ಮತ್ತೆ ಒದ್ದೆಯಾಗಿದ್ದ ಟವೆಲನ್ನೇ ನೋಡುತ್ತಿದ್ದರು.

"ನಮ್ಮಪ್ಪ ತೀರ್ಕೊಂಡಾಗ ನಿಮ್ಮ ಕಣ್ಣಲ್ಲಿ ಒಂದು ಹನಿ ಬರ್ಲಿಲ್ಲ" ಎಂದರು, ಮೆಲ್ಲಗೆ. "ಗಂಡಸರಿಗೆ ಅಳು ಬರಲ್ಲ ಅಂದ್ರಿ. ನಾನು ನಂಬ್ದೆ. ಮಗಳು ಮದುವೆ ಆಗಿ ಹೊರಟಾಗ ಟ್ಯಾಕ್ಸಿ ಟೈರಲ್ಲಿ ಗಾಳಿ ಇದೆಯಾ ಅಂತ ಒದ್ದು ನೋಡ್ತಾ ನಿಂತಿದ್ರಿ. ನನಗೆ ಆಪರೇಷನ್ ಆದಾಗ ಪಕ್ಕದಲ್ಲಿ ಕೂತು ಕಿತ್ತಳೆ ಹಣ್ಣು ತಿಂದ್ರಿ. ನನಗೆ ತಂದ ಹಣ್ಣು. ಈ ಪುಸ್ತಕದವಳಿಗೆ ಟವೆಲ್ ಸಾಲ್ತಾ ಇಲ್ವಾ?"

ಗಾರ್ಡ್ ಸಾಹೇಬರು ಕುರ್ಚಿಯನ್ನು ಒಂದಿಷ್ಟು ಮುಂದಕ್ಕೆ ಎಳೆದುಕೊಂಡರು.

"ಹಾಗಲ್ವೇ..." ಎಂದರು ಮೇಷ್ಟ್ರು.

"ಹೇಗೂ ಬೇಡ. ನನಗೋಸ್ಕರ ಒಂದು ಹನಿ. ಈಗ, ಇಲ್ಲೇ."

ಮೇಷ್ಟ್ರು ಪ್ರಯತ್ನಪಟ್ಟರು. ಮುಖ ಹಿಂಡಿದರು, ಉಸಿರು ಬಿಗಿಹಿಡಿದರು, ಕಣ್ಣು ಮಿಟುಕಿಸಿದರು. ನೀರು ನಿಂತುಹೋದ ನಲ್ಲಿಯಂತೆ ಗಂಟಲಲ್ಲಿ ಒಂದು ಗೊರಗೊರ ಸದ್ದು ಬಂತೇ ಹೊರತು ಕಣ್ಣಿಗೆ ಏನೂ ಏರಲಿಲ್ಲ. ಗಾರ್ಡಮ್ಮ ಪಕ್ಕದಿಂದ, "ದುಃಖದ್ದೇನಾದ್ರೂ ನೆನೆಸ್ಕೊಳಪ್ಪಾ" ಎಂದು ಧೈರ್ಯ ತುಂಬಿದರು.

ಮೇಷ್ಟ್ರು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ರೆಪ್ಪೆಯಡಿಯಿಂದ ಒಂದು ದಪ್ಪ ಹನಿ ಜಾರಿ ಮೀಸೆಯ ಅಂಚಿನಲ್ಲಿ ನಿಂತಿತು. ಹಿಂದೆಯೇ ಇನ್ನೊಂದು. ಆಮೇಲೆ ಧಾರೆ.

ಹೆಂಡತಿಯ ಮುಖ ಬೆಣ್ಣೆಯಾಯಿತು. ಓಡಿ ಬಂದು ತಮ್ಮ ಕೈಯಿಂದಲೇ ಗಂಡನ ಕೆನ್ನೆ ಒರೆಸಿದರು. "ಸಾಕು ಬಿಡಿ, ಸಾಕು. ನಾನೂ ಸುಮ್ಮನೆ ಅಂದೆ. ಏನು ನೆನಪಾಯ್ತು ಹೇಳಿ? ನಾನು ಆಸ್ಪತ್ರೇಲಿ ಮಲಗಿದ್ದದ್ದಾ?"

ಆಕೆಯ ಬೆನ್ನ ಹಿಂದೆ ಓನರ್ ಹೌದೆನ್ನಿ ಎಂದು ಜೋರಾಗಿ ತಲೆಯಾಡಿಸುತ್ತಿದ್ದರು. ಗಾರ್ಡಮ್ಮ ಎರಡೂ ಕೈ ಜೋಡಿಸಿದ್ದರು. ಆದರೆ ಮೇಷ್ಟ್ರು ಆ ದಿನ ಬೆಳಗಿನಿಂದ ನಿಜವನ್ನೇ ಹೇಳಿ ಗೆದ್ದು ಬಂದವರು. ಆ ಹೆಮ್ಮೆ ಇನ್ನೂ ಎದೆಯಲ್ಲಿ ಬೆಚ್ಚಗಿತ್ತು. ಬೆನ್ನು ನೆಟ್ಟಗೆ ಮಾಡಿಕೊಂಡರು.

"ಟಿಕೆಟ್ ಕೌಂಟರಿನ ಹುಡುಗಿ" ಎಂದರು.

ಕೆನ್ನೆಯ ಮೇಲಿದ್ದ ಕೈ ಹಿಂದೆ ಹೋಯಿತು. ಒಳಕೋಣೆಯ ಬಾಗಿಲು ದಡಾರನೆ ಮುಚ್ಚಿಕೊಂಡಿತು, ಮೇಲಿನದೂ ಕೆಳಗಿನದೂ ಎರಡೂ ಚಿಲಕ ಬಿದ್ದವು. ಆಮೇಲೆ ಒಳಗೆ ಬೀರು ತೆರೆದ ಸದ್ದು, ಬಟ್ಟೆ ಮಡಿಸುವ ಸದ್ದು. "ನಾಳೆ ಬೆಳಿಗ್ಗೆ ಅಕ್ಕನ ಮನೆಗೆ ಹೋಗ್ತೀನಿ. ಆ ಟಿಕೆಟ್ ಕೌಂಟರಿನವಳೇ ಬಂದು ನಿಮಗೆ ಅಡುಗೆ ಮಾಡ್ಲಿ" ಎಂಬ ಮಾತು ಬಾಗಿಲ ಸಂದಿಯಿಂದ ಬಂತು.

ಗಾರ್ಡ್ ಸಾಹೇಬರು ಹೆಂಡತಿಯ ಕಡೆ ತಿರುಗಿ, "ನಾವು ಹೇಳಿದ್ದು ಸುಳ್ಳೇನಲ್ಲ, ಒಂದು ದಿನ ಮುಂಚೆ ಹೇಳಿದ್ವಿ ಅಷ್ಟೆ" ಎಂದು ಸಮಾಧಾನದ ಉಸಿರು ಬಿಟ್ಟರು.

ಮೇಷ್ಟ್ರು ಮೀಸೆ ಇಳಿಯಬಿಡದೆ ಹಾಗೇ ನಿಂತಿದ್ದರು. ಓನರ್ ಹತ್ತಿರ ಬಂದು ಅವರ ಹೆಗಲು ತಟ್ಟಿ, ಇನ್ನೊಂದು ಕೈಯನ್ನು ಸಂಕೋಚದಿಂದ ಮುಂದೆ ಚಾಚಿದರು.

"ಕೀ ಇತ್ಲಾಗೆ ಕೊಡಿ ಮೇಷ್ಟ್ರೇ. ಮನೇಲಿ ಹೀಗಿರೋವಾಗ ಗಾಡಿ ಮುಟ್ಟೋದು ಬೇಡ."